ಪರದೆ ಬೆಳಗಲಿಲ್ಲ

ಹೊಳೆಯ ದಂಡೆಗೊಂದು ಮಠ. ಮಠಕ್ಕೊಬ್ಬ ಮುದಿ ಗುರು. ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಮಾತು ಬಲು ಕಡಿಮೆ.

ಅವರ ಶಿಷ್ಯ ಮುರಿಗೆಪ್ಪ. ಮಠದ ಕಂಪ್ಯೂಟರು ಅವನ ಕೈಯಲ್ಲಿತ್ತು. ಸುತ್ತಲ ಹಳ್ಳಿಗಳ ಪದ ಹಾಡುವವರನ್ನು ಕರೆತಂದು ಕೂರಿಸಿ, ಕ್ಯಾಮೆರಾದಲ್ಲಿ ಹಿಡಿದು, ಕಂಪ್ಯೂಟರಿನೊಳಗೆ ತುಂಬಿಡುವುದೇ ಅವನ ಸೇವೆ.

ಆ ಬೆಳಿಗ್ಗೆ ಅವನು ಅಜ್ಜಾರ ಮುಂದೆ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು.

"ಅಜ್ಜಾರ, ಕಂಪ್ಯೂಟರಿನ ಪರದೆ ಬೆಳಗವಲ್ದು."

"ನಿನ್ನೆ ಬೆಳಗತಿತ್ತು."

"ನಿನ್ನೆ ಹಳೇ ಸಾಮಾನಿತ್ರಿ. ಸಂಜೀಕ ಅದನ್ನ ಪ್ಯಾಟಿ ಅಂಗಡಿಯಾಗ ಕೊಟ್ಟು ಬದಲಿ ತಂದ್ನಿ. ಮುಂಜಾನೆ ಎದ್ದು ಹೊಸಾದು ಹಾಕೀನಿ. ಎರಡು ರ‍್ಯಾಮ್ ಪಟ್ಟಿ, ಒಂದು ಡಿಸ್‌ಪ್ಲೇ ಕಾರ್ಡು. ಹಳೇದರಾಗ ಚಿತ್ರ ನಿಂತ ನಿಂತ ಬರತಿತ್ತು. ದನಿ ಮುಂದ, ಬಾಯಿ ಹಿಂದ. ತುಂಗವ್ವಗ ಹಂಗ ತೋರಸಬಾರದು ಅಂತ..."



ತುಂಗವ್ವ ಆಚೆ ದಂಡೆಯ ಮುದುಕಿ. ಹೋದ ವರ್ಷ ಇದೇ ಮಠದ ಕಟ್ಟೆಯ ಮೇಲೆ ಏಕತಾರಿ ಹಿಡಿದು ಕೂತು, ತನಗೆ ಬರುವ ಪದಗಳನ್ನೆಲ್ಲ ಹಾಡಿದ್ದಳು. ಆಮೇಲೆ ಲಕ್ವಾ ಹೊಡೆಯಿತು. ಮಾತು ಹೋಯಿತು, ಹಾಡೂ ಹೋಯಿತು. ಆ ಪದಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ. ಈಗ ಅವು ಉಳಿದಿದ್ದರೆ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಮಾತ್ರ.

ತನ್ನ ಹಾಡನ್ನು ಒಮ್ಮೆ ಕೇಳಬೇಕೆಂದು ತುಂಗವ್ವ ಕೈಸನ್ನೆ ಮಾಡಿ ಮಗಳಿಗೆ ತಿಳಿಸಿದ್ದಳು. ಮಗಳು ಅವಳನ್ನು ಇವತ್ತೇ ದೋಣಿಯಲ್ಲಿ ಕರೆತರುವವಳಿದ್ದಳು.

"ಇನ್ನೊಂದು ಕಡೆ ತೆಗೆದಿಟ್ಟಿಲ್ಲೇನು?" ಅಜ್ಜಾರು ಕೇಳಿದರು.

"ಇಡತೀನಿ ಇಡತೀನಿ ಅನಕೋತ ಉಳದಬಿಡ್ತ್ರಿ."

ಅಜ್ಜಾರು ಎದ್ದು ಕಂಪ್ಯೂಟರಿನ ಕೋಣೆಗೆ ನಡೆದರು. ಮುರಿಗೆಪ್ಪ ಹಿಂದೆ ಹೋದ.

"ಚಾಲೂ ಮಾಡು."

ಗುಂಡಿ ಒತ್ತಿದ. ಹಸಿರು ದೀಪ ಹತ್ತಿತು. ಫ್ಯಾನು ಗುಂಯ್ಗುಟ್ಟಿತು. ಪರದೆಯ ಮೇಲೆ, ಸಿಗ್ನಲ್ ಇಲ್ಲವೆಂಬ ಒಂದು ಸಾಲು ಬಂದು ಹೋಯಿತು. ಉಳಿದದ್ದು ಕಪ್ಪು.

"ವಾಯರ್ ಬದಲಿ ಮಾಡಿ ನೋಡಿದ್ನಿ. ದಾಸೋಹದ ಮನ್ಯಾಗಿನ ಟಿ.ವಿ. ತಂದು ಹಚ್ಚಿ ನೋಡಿದ್ನಿ. ಏನ್ ಮಾಡಿದ್ರೂ ಇಷ್ಟರೀ."

ಅಜ್ಜಾರು ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟರು. ಜ್ವರ ಬಂದ ಕೂಸನ್ನು ಮುಟ್ಟಿದಂತೆ.

"ಬೆಚ್ಚಗ ಐತಿ."

"ಹೌದ್ರಿ."

"ಹಾಡು?"

"ಅದು ಬ್ಯಾರೆ ಡಿಸ್ಕಿನಾಗ ಐತ್ರಿ. ಅದನ್ನ ನಾ ಮುಟ್ಟಿಲ್ಲ. ಆದ್ರ ಪರದೆ ಬೆಳಗಲಾರದ, ಅದು ಐತೋ ಹೋತೋ ಹೆಂಗ ಹೇಳಲಿ?" ಮುರಿಗೆಪ್ಪ ಕಣ್ಣೊರೆಸಿಕೊಂಡ. "ಈಗ ಬಸ್ಸು ಹಿಡದು ಹೋಗಿ ಇನ್ನೊಂದು ಕಾರ್ಡು ತರಲೇನ್ರಿ? ಇದಕ್ಕಿಂತ ದೊಡ್ಡದು?"

"ಇನ್ನೂ ಹಾಕತಿ?"

"ಮತ್ತೇನ ಮಾಡ್ಲಿ?"

"ತೆಗಿ."

ಮುರಿಗೆಪ್ಪ ಕರೆಂಟು ಬಿಡಿಸಿದ. ಹೊಸ ಕಾರ್ಡನ್ನು ಕಿತ್ತು ಬಟ್ಟೆಯ ಮೇಲಿಟ್ಟ. ಪರದೆಯ ವಾಯರನ್ನು ಪೆಟ್ಟಿಗೆಯೊಳಗಿನ ಮೂಲ ಬೋರ್ಡಿಗೇ ಸಿಕ್ಕಿಸಿ ಮತ್ತೆ ಚಾಲೂ ಮಾಡಿದ.

ಕಪ್ಪು.

"ತೆಗಿ."

ಒಂದು ರ‍್ಯಾಮ್ ಪಟ್ಟಿ ತೆಗೆದ. ಚಾಲೂ ಮಾಡಿದ.

ಕಪ್ಪು.

"ತೆಗಿ."

"ಅಜ್ಜಾರ, ಇದೊಂದ ಉಳದೈತಿ. ಇದನ್ನೂ ತೆಗದ್ರ ಅದು ಏಳೂದ ಇಲ್ಲ. ರ‍್ಯಾಮ್ ಅಂದ್ರ ಅದರ ನೆನಪ್ರಿ."

"ಈಗೇನು ಎದ್ದು ಕುಂತೈತೇನು?"

ಮುರಿಗೆಪ್ಪನಿಗೆ ಸಿಟ್ಟೂ ಬಂತು, ನಗುವೂ ಬಂತು. ತೆಗೆದ. ಬೋರ್ಡಿನ ಮೇಲೆ ಅವನು ಹಾಕಿದ್ದು ಒಂದೂ ಉಳಿಯಲಿಲ್ಲ. ಗುಂಡಿ ಒತ್ತಿದ.

ಪೆಟ್ಟಿಗೆ ಕೂಗಿತು.

ಒಂದು ಉದ್ದನೆಯ ದನಿ. ತುಸು ಮೌನ. ಮತ್ತೆ ಅದೇ ದನಿ.

ಮುರಿಗೆಪ್ಪನ ಮೈಮೇಲೆ ಮುಳ್ಳೆದ್ದವು. ಬೆಳಗಿನಿಂದ ಮೂಗಿಯಂತೆ ಕೂತಿದ್ದ ಯಂತ್ರ. ಬೇಡಿದರೂ ಬೈದರೂ ಉಸಿರೆತ್ತದ ಯಂತ್ರ. ಎಲ್ಲವನ್ನೂ ಕಿತ್ತುಕೊಂಡ ಮೇಲೆ ಬಾಯಿ ಬಿಟ್ಟಿತ್ತು.

"ಏನಂತೈತಿ?"

"ರ‍್ಯಾಮ್ ಇಲ್ಲ ಅಂತೈತ್ರಿ. ಕೊಡು ಅಂತ ಕೇಳಾಕತ್ತೈತಿ."

"ಮೊದಲ ಕೊಟ್ಟಿದ್ದಿಲ್ಲೇನು?"

"ಕೊಟ್ಟಿದ್ನಿ. ಆಗ ಕೇಳಲೂ ಇಲ್ಲ, ತಗೊಳ್ಳಲೂ ಇಲ್ಲ. ಬಾಯಾಗ ಹಿಡಕೊಂಡು ಸುಮ್ನ ಕುಂತಿತ್ತು." ಮುರಿಗೆಪ್ಪ ಹಲ್ಲು ಕಡಿದ. "ಅಂಗಡಿಯಾವ ಕೆಟ್ಟ ಮಾಲು ಕೊಟ್ಟಾನ್ರಿ. ನಕ್ಕೋತ ಕೊಟ್ಟಾಗಲೇ ನನಗ..."

"ಅವನ್ನ ಆಮ್ಯಾಲ ಬೈಯೂವಂತಿ. ಮೊದಲ ಇದನ್ನ ನೋಡು."

ಮುರಿಗೆಪ್ಪ ಕರೆಂಟು ಬಿಡಿಸಿ, ಒಂದು ಪಟ್ಟಿಯನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದ.

ಎರಡು ಬೆರಳಗಲದ ಹಸಿರು ಪಟ್ಟಿ. ಅದರ ಅಂಚಿಗೆ ಬಂಗಾರದ ಬಣ್ಣದ ಸಣ್ಣ ಹಲ್ಲುಗಳ ಸಾಲು. ಬೋರ್ಡನ್ನು ಕಚ್ಚಿ ಹಿಡಿಯುವುದು ಆ ಹಲ್ಲುಗಳೇ.

ಹಲ್ಲುಗಳ ಮೇಲೆ ಬೆಳ್ಳಗೆ ಏನೋ ಒಣಗಿ ಕೂತಿತ್ತು.

ಇನ್ನೊಂದನ್ನು ಎತ್ತಿದ. ಅದರ ಮೇಲೂ. ಕಾರ್ಡಿನ ಮೇಲೂ.

ಮುರಿಗೆಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ.

ಆ ಮಠದಲ್ಲಿ ಹೊಸದಾಗಿ ಏನೇ ಬರಲಿ, ವಿಭೂತಿ ಹಚ್ಚದೆ ಕೆಲಸಕ್ಕೆ ಇಳಿಸುವುದಿಲ್ಲ. ಗುದ್ದಲಿಗೂ ಹಚ್ಚುತ್ತಾರೆ, ದಾಸೋಹದ ಹಂಡೆಗೂ ಹಚ್ಚುತ್ತಾರೆ. ಅವನೂ ಬೆಳಿಗ್ಗೆ ಸ್ನಾನ ಮಾಡಿ, ನೀರಲ್ಲಿ ವಿಭೂತಿ ಕಲಸಿ, ಮೂರು ಬೆರಳಲ್ಲಿ ಒಂದೊಂದಕ್ಕೂ ಎಳೆದಿದ್ದ. ಆಮೇಲೆ ಕಣ್ಣು ಮುಚ್ಚಿ, ತುಂಗವ್ವನ ಹಾಡು ಚೆನ್ನಾಗಿ ಬರಲಪ್ಪಾ ಎಂದು ಬೇಡಿಕೊಂಡು, ಒತ್ತಿ ಕೂರಿಸಿದ್ದ.

"ಹೊಸಾದೇನು ಬಂದ್ರೂ ಹಚ್ಚಬೇಕು ಅಂತ ನೀವ ಹೇಳೀರಿ," ಎಂದ. ದನಿ ಸಣ್ಣದಾಗಿತ್ತು.

"ಹೇಳೀನಿ. ಏಕತಾರಿಗೆ ಎಲ್ಲಿ ಹಚ್ಚತಿ?"

"ಸೋರೆ ಬುರುಡಿಗ್ರಿ."

"ತಂತಿಗೆ?"

"ತಂತಿಗೆ ಯಾರ ಹಚ್ಚತಾರ್ರಿ? ಹಚ್ಚಿದ್ರ ದನಿ..."

ಮುರಿಗೆಪ್ಪ ಕೈಯಲ್ಲಿದ್ದ ಪಟ್ಟಿಯ ಹಲ್ಲುಗಳನ್ನು ನೋಡಿದ.

ಅಜ್ಜಾರು ತಮ್ಮ ಹೆಗಲ ಮೇಲಿನ ಒಣ ವಸ್ತ್ರವನ್ನು ಕೊಟ್ಟರು. ಅವನು ಹಲ್ಲುಗಳನ್ನು ಒಂದೊಂದಾಗಿ ಒರೆಸಿದ. ವಸ್ತ್ರದ ಮೇಲೆ ವಿಭೂತಿ ಪುಡಿಯಾಗಿ ಉದುರಿತು. ಆಮೇಲೆ ಮಠದ ಶಾಲೆಯಿಂದ ಪೆನ್ಸಿಲ್ ರಬ್ಬರು ತಂದು ಹಗುರಾಗಿ ಉಜ್ಜಿದ. ಹಲ್ಲು ಬಂಗಾರವಾಯಿತು. ಒಣ ಕುಂಚದಿಂದ ಬೋರ್ಡಿನ ಸಂದುಗಳನ್ನೂ ಗುಡಿಸಿದ.

ಉದುರಿದ ವಿಭೂತಿಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಝಾಡಿಸಲು ಮನಸ್ಸು ಬರಲಿಲ್ಲ. ವಸ್ತ್ರ ಹಿಡಿದು ನಿಂತ.

ಅಜ್ಜಾರು ಅದರೊಳಗೆ ಮೂರು ಬೆರಳು ಅದ್ದಿದರು. ಶಿಷ್ಯನ ಹಣೆಯ ಮೇಲೆ ಎಳೆದರು.

"ಇದರ ಜಾಗಾ ಇದು."

ಅಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆ ಕೇಳಿಸಿತು.

ತುಂಗವ್ವ ಬಂದಿದ್ದಳು. ಮಗಳು ನೀಲಗಂಗಾ ಅವಳ ತೋಳು ಹಿಡಿದಿದ್ದಳು. ಒಂದು ಕಾಲು ಎಳೆಯುತ್ತ, ಬಾಗಿಲ ಚೌಕಟ್ಟು ಹಿಡಿದು, ಮುದುಕಿ ಒಳಗೆ ಬಂದಳು. ಅಜ್ಜಾರಿಗೆ ಒಂದೇ ಕೈ ಎತ್ತಿ ಶರಣು ಮಾಡಿದಳು.

"ರಾತ್ರಿ ನಿದ್ದಿ ಮಾಡಿಲ್ರಿ ಇಕಿ," ಎಂದಳು ನೀಲಗಂಗಾ. "ಮುಂಜಾನೆ ಎದ್ದಾಕಿನ ಇಳಕಲ್ ಸೀರಿ ಉಡಸು ಅಂತ ಹಟಾ. ಮದಿವಿಗೆ ಹೊಂಟಾಳೇನೋ ಅನಬೇಕು."

ಮುದುಕಿ ಮಗಳ ಬೆನ್ನಿಗೊಂದು ಗುದ್ದಿದಳು. ಅಜ್ಜಾರು ಕುರ್ಚಿ ತೋರಿಸಿದರು. ಕೂತಳು. ಕಪ್ಪು ಪರದೆಯನ್ನೇ ನೋಡಿದಳು.

ಮುರಿಗೆಪ್ಪನಿಗೆ ಅವಳ ಕಡೆ ತಿರುಗಲು ಧೈರ್ಯ ಬರಲಿಲ್ಲ. ಪಟ್ಟಿಗಳನ್ನು ಕೂರಿಸಿದ. ಕಾರ್ಡು ಕೂರಿಸಿ, ವಾಯರನ್ನು ಅದಕ್ಕೆ ಸಿಕ್ಕಿಸಿದ. ಈ ಸಲ ಕಣ್ಣು ಮುಚ್ಚಲಿಲ್ಲ. ಗುಂಡಿ ಒತ್ತಿದ.

ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು.

ಒಂದು ಉಸಿರು. ಇನ್ನೊಂದು.

ಪೆಟ್ಟಿಗೆ ಚುಟುಕಾಗಿ ಒಮ್ಮೆ ಕೂಗಿತು. ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಆಮೇಲೆ ಬೆಳಕು ಬಂತು. ಕೋಣೆಯ ಗೋಡೆಯ ಮೇಲೆಲ್ಲ ಬಿತ್ತು.

ಹುಡುಕಿದ. ಇತ್ತು. ಎಲ್ಲವೂ ಇತ್ತು.

ಮೊದಲ ಪದವನ್ನು ತೆರೆದ. ಪರದೆಯಲ್ಲಿ ತುಂಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಹಿಂದೆ ಹೊಳೆ ಹೊಳೆಯುತ್ತಿತ್ತು. ಏಕತಾರಿ ಮಿಡಿದಳು. ಬಾಯಿ ತೆರೆದಳು. ಬಾಯಿ ತೆರೆದ ಗಳಿಗೆಗೇ ದನಿ ಬಂತು. ಮುಂದೂ ಇಲ್ಲ, ಹಿಂದೂ ಇಲ್ಲ.

ಬೀಸುಕಲ್ಲಿನಂಥ ಒರಟು ದನಿ ಕೋಣೆ ತುಂಬಿ ಹೊರಗೆ ಹರಿಯಿತು. ಅಂಗಳದಲ್ಲಿ ಕಾಳು ಆರಿಸುತ್ತಿದ್ದವರು ಕೈ ನಿಲ್ಲಿಸಿದರು.

ಮುರಿಗೆಪ್ಪ ತನಗರಿವಿಲ್ಲದೆ ಎದ್ದು, ಪರದೆಯ ಮುಂದೆ ಕೈಮುಗಿದು ನಿಂತುಬಿಟ್ಟ. ಈ ಹಾಡನ್ನು ಅವನೇ ಹಿಡಿದಿದ್ದ. ಆಗ ಕೇಳಿದ್ದು ಇದಲ್ಲ ಅನ್ನಿಸಿತು. ಬೆನ್ನ ಹಿಂದೆ ಇನ್ನೊಂದು ಸದ್ದಿತ್ತು. ಮಾತಿಲ್ಲದ ಬಾಯಿಯೊಂದರ ಉಸಿರು. ಹಾಡಿನ ತಾಳದ ಒಂದೊಂದು ಪೆಟ್ಟಿಗೂ ತಪ್ಪದೆ ಬೀಳುತ್ತಿತ್ತು.

ಅವನ ಕೆನ್ನೆಯ ಮೇಲೆ ನೀರಿಳಿಯಿತು.

"ಅಜ್ಜಾರ," ಎಂದ, "ಇದನ್ನ ಏನನಬೇಕ್ರಿ?"

ಅಜ್ಜಾರು ಅವನ ಹೆಗಲು ಹಿಡಿದರು.

"ಆ ಕಡೆ ಸರಿಯೋ. ತುಂಗವ್ವಗ ಕಾಣವಲ್ದು."