ಪುಡಿ ಉದುರಿದ ಜೀರುಂಡೆ

"ಗುರುಗಳೇ, ಗುರುವಿನ ಮಾತಿನಲ್ಲಿ ತಪ್ಪು ಕಂಡರೆ ಶಿಷ್ಯ ಏನು ಮಾಡಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

"ಒಂದು ಹುಳದ ಕತೆ ಹೇಳುತ್ತೇನೆ, ಕೇಳು" ಎಂದರು ಗುರುಗಳು.

ದಕ್ಷಿಣ ಅಮೆರಿಕದಲ್ಲಿ ಒಬ್ಬ ಪಂಡಿತನಿದ್ದ. ಹುಳುಗಳನ್ನು ಗುರುತಿಸಿ, ಯಾವುದು ಯಾವ ಜಾತಿ ಎಂದು ವಿಂಗಡಿಸುವುದು ಅವನ ವಿದ್ಯೆ. ಅಲ್ಲಿನ ಮರಳುಗಾಡಿನಲ್ಲಿ ಒಂದು ಜೀರುಂಡೆ ಇದೆ. ಹಗಲೆಲ್ಲ ಕಲ್ಲಿನಡಿ ಅಡಗಿರುತ್ತದೆ. ಅದಕ್ಕೇ ಅದನ್ನು ಕತ್ತಲ ಜೀರುಂಡೆ ಎನ್ನುತ್ತಾರೆ. ಬೆನ್ನ ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿ. ಹಿಂದಿನವರೇ ಅದಕ್ಕೆ ಹೆಸರಿಟ್ಟಿದ್ದರು.

ಒಂದು ದಿನ ಪಂಡಿತನಿಗೆ ಅದೇ ಆಕಾರದ, ಆದರೆ ಪುಡಿಯಿಲ್ಲದ ಕಪ್ಪು ಜೀರುಂಡೆ ಸಿಕ್ಕಿತು. ಸಿಕ್ಕಿದ್ದು ಒಂದೇ ಒಂದು, ಅದೂ ಸತ್ತದ್ದು. ಇದು ಬೇರೆಯೇ ಜಾತಿ ಎಂದು ಬರೆದು ಹೊಸ ಹೆಸರಿಟ್ಟ. ಜೀವಮಾನದಲ್ಲಿ ಅವನು ಇಟ್ಟ ಹೆಸರು ಅದೊಂದೇ. ನೀರು ಕೇಳಿಕೊಂಡು ಬಂದವನು ಕೂಡ ಆ ಜೀರುಂಡೆಯನ್ನು ನೋಡದೆ ಹೋಗುವಂತಿರಲಿಲ್ಲ.

ಅವನ ಬಳಿ ಕಲಿತ ಯುವತಿಯೊಬ್ಬಳು, ಅಂಥದೇ ಇನ್ನಷ್ಟು ಜೀರುಂಡೆ ತಂದು ಗುರುವನ್ನು ಸಂತೋಷಪಡಿಸಬೇಕೆಂದು ಮರಳುಗಾಡಿಗೆ ಹೋದಳು. ಕಲ್ಲು ಎತ್ತಿ ಎತ್ತಿ ನೋಡುತ್ತಿದ್ದವಳನ್ನು ಮೇಕೆ ಕಾಯುವವನೊಬ್ಬ ವಿಚಾರಿಸಿದ. ಬಿಳಿ ಜಾತಿ ಬೇಡ, ಕರಿ ಜಾತಿ ಬೇಕು ಎಂದಳು.

"ಅದ್ಯಾವ ಕರಿ ಜಾತಿ ತಾಯಿ? ಎರಡೂ ಒಂದೇ. ಮರಳಲ್ಲಿ ನುಗ್ಗಿ ನುಗ್ಗಿ ಪುಡಿ ಸವೆಯುತ್ತೆ. ಕರಿಯದಕ್ಕೆ ವಯಸ್ಸಾಗಿದೆ, ಅಷ್ಟೇ."

ಅವಳಿಗೆ ಸಿಟ್ಟು ಬಂತು. ಆದರೆ ಕುತೂಹಲ ಸಿಟ್ಟಿಗಿಂತ ದೊಡ್ಡದಾಗಿತ್ತು. ಬಿಳಿ ಜೀರುಂಡೆಗಳನ್ನು ಮರಳು ತುಂಬಿದ ಡಬ್ಬಿಯಲ್ಲಿ ಸಾಕಿ ದಿನವೂ ನೋಡಿದಳು. ಮೂರು ತಿಂಗಳಲ್ಲಿ ಒಂದೊಂದಾಗಿ ಕಪ್ಪಾದವು. ಊರಿಗೆ ಮರಳಿ, ಗುರುವಿನ ಜೀರುಂಡೆಯನ್ನು ಭೂತಗನ್ನಡಿಯಡಿ ಇಟ್ಟಳು. ರೆಕ್ಕೆಯ ಗೀರಿನಲ್ಲಿ ಚೂರು ಬಿಳಿ ಪುಡಿ ಇನ್ನೂ ಉಳಿದಿತ್ತು.

ಒಂದೇ ಹುಳಕ್ಕೆ ಎರಡು ಹೆಸರು ಬಿದ್ದರೆ ಮೊದಲಿನದೇ ಉಳಿಯಬೇಕು ಎಂಬುದು ಆ ವಿದ್ಯೆಯ ಕಟ್ಟಳೆ. ಹೇಳಿದರೆ ಗುರು ಇಟ್ಟ ಒಂದೇ ಹೆಸರು ಅಳಿದುಹೋಗುತ್ತದೆ. ಅವಳಿಗೆ ಗುರುವಿನ ಮೇಲೆ ಬಹಳ ಪ್ರೀತಿ. ಎರಡು ವರ್ಷ ಬಾಯಿ ಬಿಡಲಿಲ್ಲ. ಅವನು ಬಂದವರಿಗೆಲ್ಲ ಜೀರುಂಡೆ ತೋರಿಸುವಾಗ ಪಕ್ಕದಲ್ಲಿ ನಿಂತು ತಲೆಯಾಡಿಸಿದಳು. ಕೊನೆಗೆ ತಡೆಯಲಾರದೆ, ಕಪ್ಪಾದ ಜೀರುಂಡೆಗಳ ಡಬ್ಬಿಯನ್ನು ಅವನೆದುರು ಇಟ್ಟು ಎಲ್ಲವನ್ನೂ ಹೇಳಿಬಿಟ್ಟಳು.

ಪಂಡಿತ ಬಹಳ ಹೊತ್ತು ನೋಡಿದ. ಕಣ್ಣು ತುಂಬಿ ಬಂತು. ತಾನಿಟ್ಟ ಹೆಸರಿನ ಚೀಟಿಯನ್ನು ತಾನೇ ಕಿತ್ತು, ಹಳೆಯ ಹೆಸರು ಬರೆದು ಅಂಟಿಸಿದ. ಆಮೇಲೆ, ಇದು ನಿನಗೆ ಯಾವಾಗ ತಿಳಿಯಿತು ಎಂದು ಕೇಳಿದ. ಎರಡು ವರ್ಷವಾಯಿತು ಎಂದಳು.

"ಹೆಸರು ಹೋದ ಸಂಕಟ ನಾಲ್ಕು ದಿನದಲ್ಲಿ ಇಳಿಯುತ್ತದೆ. ನಾನು ಎರಡು ವರ್ಷ ಕಂಡಕಂಡವರಿಗೆ ಸುಳ್ಳು ಹೇಳುತ್ತಿದ್ದಾಗ ನೀನು ಪಕ್ಕದಲ್ಲೇ ಇದ್ದೆಯಲ್ಲಮ್ಮ!" ಎಂದ ಪಂಡಿತ.

ಗುರುಗಳು ಕತೆ ನಿಲ್ಲಿಸಿದರು.

"ಅವಳು ತಿಳಿದ ದಿನವೇ ಹೇಳಬೇಕಿತ್ತು" ಎಂದ ಶಿಷ್ಯ.

"ಅದು ಸರಿ. ನನ್ನ ತಪ್ಪು ನಿನಗೆ ಕಂಡು ಎಷ್ಟು ದಿನವಾಯಿತು?" ಎಂದರು ಗುರುಗಳು.