ಆರಾಧ್ಯರ ಮನೆ ಊಟದ ವಿಮರ್ಶೆ

ಸಿನಿಮಾ ವಿಮರ್ಶಕ ಆರಾಧ್ಯರು ಇಂಟರ್‌ವಲ್‌ಗೇ ಎದ್ದು ಹೋಗುತ್ತಾರೆ ಅನ್ನುವುದು ಟಾಕೀಸಿನ ಗೇಟ್‌ಕೀಪರ್ ಬೋರಲಿಂಗನಿಗೆ ಮಾತ್ರ ಗೊತ್ತಿತ್ತು. ಬಾಗಿಲು ತೆಗೆಯುವವನು ಅವನೇ ತಾನೆ! ಆದರೂ ಮರುದಿನ ಪೇಪರಿನಲ್ಲಿ 'ದ್ವಿತೀಯಾರ್ಧ ಸಪ್ಪೆ' ಎಂದು ಬಂದಿರುತ್ತಿತ್ತು. ಅದನ್ನೋದಿದ ಜನ ಟಾಕೀಸಿನ ಕಡೆ ತಲೆ ಹಾಕುತ್ತಿರಲಿಲ್ಲ. ಬೋರಲಿಂಗನ ಹೊಟ್ಟೆ ಉರಿದುಹೋಗುತ್ತಿತ್ತು.

ಆರಾಧ್ಯರ ಹೊಸ ಮನೆಯ ಗೃಹಪ್ರವೇಶ ಬಂತು. "ಊಟಕ್ಕೆ ಬಾರಯ್ಯ. ನಮ್ಮನೆ ಅಡುಗೆ ಹೆಂಗಿತ್ತು ಅಂತ ಟಾಕೀಸಿಗೆ ಬರೋರಿಗೆಲ್ಲ ನೀನೇ ಸಾರಬೇಕು" ಎಂದು ಅಪ್ಪಣೆಯಾಯಿತು.

ಬೋರಲಿಂಗ ಇಸ್ತ್ರಿ ಅಂಗಿ ತೊಟ್ಟು ಪಂಕ್ತಿಯಲ್ಲಿ ಕೂತ. ಕೋಸಂಬರಿ ತಿಂದ, ಪಲ್ಯ ತಿಂದ. ಅನ್ನ ಬರುವಷ್ಟರಲ್ಲಿ ಎಲೆ ಮಡಚಿ ಎದ್ದೇಬಿಟ್ಟ. ಪಂಕ್ತಿಗೆ ಪಂಕ್ತಿಯೇ ಊಟ ನಿಲ್ಲಿಸಿ ನೋಡಿತು.

ಆರಾಧ್ಯರು ಓಡಿ ಬಂದರು. "ಅರ್ಧ ಊಟದಲ್ಲಿ ಏಳ್ತಾರೇನಯ್ಯ? ಎಲ್ಲರೆದುರಿಗೆ ನನ್ನ ಮಾನ ಕಳೀತೀಯಲ್ಲ! ಏನು ಕಮ್ಮಿಯಾಯ್ತು?"

"ಏನಿಲ್ಲ ಸ್ವಾಮಿ. ಕೋಸಂಬರಿ, ಪಲ್ಯ ಪರವಾಗಿಲ್ಲ. ಸಾರು, ಪಾಯಸ ಮಾತ್ರ ಸಪ್ಪೆ. ಹಂಗಂತಲೇ ಎಲ್ಲರಿಗೂ ಹೇಳ್ತೀನಿ."

"ಸಾರು, ಪಾಯಸ ಇನ್ನೂ ಬಡಿಸೇ ಇಲ್ವಲ್ಲೋ! ತಿನ್ನದೆ ರುಚಿ ಹೆಂಗೆ ಗೊತ್ತಾಯ್ತು ನಿನಗೆ?"

"ಅದನ್ನೇ ಸ್ವಾಮಿ, ಗೇಟಲ್ಲಿ ನಿಂತು ಪ್ರತಿ ಶುಕ್ರವಾರ ನಾನೂ ಯೋಚಿಸ್ತೀನಿ."

ಆರಾಧ್ಯರು ಅವನ ಕೈ ಹಿಡಿದು ಮತ್ತೆ ಪಂಕ್ತಿಯಲ್ಲಿ ಕೂರಿಸಿದರು. ತಾವೇ ಹೊಸ ಎಲೆ ಹಾಕಿ, ಸೌಟು ಹಿಡಿದು ಬಡಿಸಿದರು. ಬೋರಲಿಂಗ ಬೀಗರ ಗತ್ತಿನಲ್ಲಿ ಕೂತು ಉಂಡ.

ಮುಂದಿನ ಶುಕ್ರವಾರ ಇಂಟರ್‌ವಲ್ ಬಿಟ್ಟಿತು. ಆರಾಧ್ಯರ ಕಾಲು ಅಭ್ಯಾಸಬಲದಿಂದ ಬಾಗಿಲಿಗೆ ಬಂತು. ಬೋರಲಿಂಗ ಎದೆಯುಬ್ಬಿಸಿ ಅಡ್ಡ ನಿಂತ.

"ಕೂತ್ಕೊಳ್ಳಿ ಸ್ವಾಮಿ. ಇನ್ನೂ ಪಾಯಸ ಬಡಿಸಿಲ್ಲ."