ಡಿಕ್ಕಿಯಾಗದ ವಿಮಾನ

ವಿಮಾನ ಹಾರಿಸಲು ಕಲಿಸುವ ಶಾಲೆಯೊಂದಿತ್ತು. ಅಲ್ಲಿ ಆಕಾಶಕ್ಕೆ ಏರುವ ಮೊದಲು ಆರು ತಿಂಗಳು ನೆಲದ ಮೇಲೆಯೇ, ಸಿಮ್ಯುಲೇಟರಿನಲ್ಲಿ ಹಾರಬೇಕು. ಕೂರಲು ಕುರ್ಚಿ, ಕೈಗೆ ಹಿಡಿ, ಎದುರಿಗೆ ಗೋಡೆಯಗಲದ ಪರದೆ. ಆಮೇಲೆ ನಿಜವಾದ ವಿಮಾನದಲ್ಲಿ ಆಕಾಶದ ಪಾಠ, ಕೊನೆಗೆ ಪರೀಕ್ಷೆ. ಅದೂ ಒಂದೇ ಸಲ. ನಪಾಸಾದವರಿಗೆ ಆ ಶಾಲೆಯ ಬಾಗಿಲು ಮತ್ತೆ ತೆರೆಯದು.

ಪರದೆಯ ಮೇಲಿನ ರನ್‌ವೇ, ಶೆಡ್ಡು, ತಂತಿಬೇಲಿ, ಬೇಲಿಯಾಚೆಯ ಜಾಲಿಗಿಡ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಟ್ಟಿದವನು ನೆಲದ ಪಾಠ ನೋಡಿಕೊಳ್ಳುತ್ತಿದ್ದ ಯಶವಂತ. ಅವನ ಗುರುಗಳೂ ಹಿರಿಯ ಶಿಕ್ಷಕರೂ ಆದ ಕುಟ್ಟಪ್ಪನವರು ನೋಡಿ, ಎಲ್ಲ ಸರಿ, ಆದರೆ ಸ್ಮಶಾನದ ಹಾಗಿದೆಯಲ್ಲಪ್ಪ, ಏನೂ ಅಲುಗಾಡುವುದಿಲ್ಲ ಎಂದರು.

ಯಶವಂತ ಹಟ ಹಿಡಿದು ಮೂರು ವಾರ ಕೂತು ಒಂದು ಬಿಳಿ ವಿಮಾನ ಮಾಡಿದ. ಶೆಡ್ಡಿನಿಂದ ಹೊರಟು ರನ್‌ವೇ ದಾಟುವ ಅದರ ದಾರಿಯನ್ನು ಚುಕ್ಕೆ ಚುಕ್ಕೆಯಾಗಿ ಗುರುತಿಸಿದ. ಯಾವಾಗ ಹೊರಡುತ್ತದೋ ಹೇಳಲಾಗದು. ಹೊರಟರೆ ಯಾರಿಗಾಗಿಯೂ ನಿಲ್ಲದು. ಇಳಿಯುತ್ತಿರುವವರೇ ಕಂಡು ಮತ್ತೆ ಮೇಲೇರಬೇಕು. ತಡಮಾಡಿದರೆ ಡಿಕ್ಕಿ. ಪರದೆ ಕಪ್ಪಾಗಿ ಪಾಠ ಮೊದಲಿನಿಂದ ಶುರು.

ವಿದ್ಯಾರ್ಥಿಗಳು ಗೊಣಗಿದರು. ಎಲ್ಲರಿಗಿಂತ ಚುರುಕಾದ ಸಬೀಹಾ ಕೂಡ ದಿನಕ್ಕೆರಡು ಸಲ ಡಿಕ್ಕಿ ಹೊಡೆಯುತ್ತಿದ್ದಳು. ನಿಮ್ಮ ಬಿಳಿ ಯಮನನ್ನು ಕಟ್ಟಿಹಾಕಿ ಅಣ್ಣಾ ಎಂದು ಕಾಡುತ್ತಿದ್ದಳು. ಅಷ್ಟರಲ್ಲಿ ಶಾಲೆ ನೋಡಲು ದೊಡ್ಡವರು ಬರುವ ದಿನ ಗೊತ್ತಾಯಿತು. ಅವರೆದುರು ಪರದೆ ಕಪ್ಪಾದರೆ ಏನು ಗತಿ ಎಂದು ಯಶವಂತ ಕುಟ್ಟಪ್ಪನವರನ್ನು ಕೇಳಿದ.

"ಕಪ್ಪಾಗಲಿ ಬಿಡು. ಅದು ಇರೋದೇ ಅದಕ್ಕೆ" ಎಂದರು ಅವರು.

ಯಶವಂತ ತಲೆಯಾಡಿಸಿ ಬಂದ. ಬಂದವನೇ ಕಂಪ್ಯೂಟರಿನಲ್ಲಿ 'ಡಿಕ್ಕಿ' ಎಂಬುದರ ಮುಂದಿದ್ದ ಸರಿ ಗುರುತನ್ನು ತೆಗೆದ. ಇನ್ನು ಬಿಳಿ ವಿಮಾನ ತಾಗಿದರೂ ಪರದೆ ಕಪ್ಪಾಗದು. ಒಂದು ದಿನದ ಮಟ್ಟಿಗೆ ತಾನೇ ಎಂದುಕೊಂಡ.

ದೊಡ್ಡವರು ಬಂದರು, ಹೊಗಳಿದರು, ಹೋದರು. ತೆಗೆದ ಗುರುತನ್ನು ಅವನು ಮತ್ತೆ ಹಾಕಲಿಲ್ಲ. ಯಾರೂ ಗೊಣಗುತ್ತಿರಲಿಲ್ಲ, ಕೆದಕುವುದೇಕೆ? ಆಕಾಶದ ಪಾಠವನ್ನಷ್ಟೇ ಹೇಳುತ್ತಿದ್ದ ಕುಟ್ಟಪ್ಪನವರು ಶಿಷ್ಯನನ್ನು ನಂಬಿ ಇತ್ತ ತಲೆಹಾಕಲಿಲ್ಲ. ಬಿಳಿ ವಿಮಾನ ಅಡ್ಡ ಬಂದರೆ ವಿದ್ಯಾರ್ಥಿಗಳು ಅದರ ಹೊಟ್ಟೆಯೊಳಗೇ ತೂರಿ ಇಳಿಯುತ್ತಿದ್ದರು. "ಬಂದ ನೋಡು ಪೊಳ್ಳಣ್ಣ" ಎಂದು ನಗುತ್ತಿದ್ದರು.

ಪರೀಕ್ಷೆಯ ದಿನ ಬಂತು. ಸಬೀಹಾ ಚೆನ್ನಾಗಿಯೇ ಹಾರಿಸಿದಳು. ಇಳಿಯುವ ಹೊತ್ತಿಗೆ, ರಿಪೇರಿಗೆ ಬಂದಿದ್ದ ಒಂದು ವಿಮಾನ ಶೆಡ್ಡಿನಿಂದ ಹೊರಟು ರನ್‌ವೇಗೆ ಅಡ್ಡ ಬಂತು. ಅವಳು ಇಳಿಯುತ್ತಲೇ ಹೋದಳು. ಪಕ್ಕದಲ್ಲಿದ್ದ ಪರೀಕ್ಷಕರು ಹಿಡಿಯನ್ನು ಕಿತ್ತುಕೊಂಡು ಮೇಲೇರಿಸಿದರು. ಜೀವಗಳು ಉಳಿದವು. ಸಬೀಹಾ ನಪಾಸಾದಳು.

ಸುದ್ದಿ ಕೇಳಿ ಯಶವಂತ ಕಂಪ್ಯೂಟರು ಬಿಟ್ಟು ಎದ್ದ. ಓಡಿಬಂದಾಗ ಅವಳು ಪೆಟ್ಟಿಗೆ ಹಿಡಿದು ಗೇಟಿನ ಬಳಿ ನಿಂತಿದ್ದಳು. ಕಾಣಲಿಲ್ಲವೇನಮ್ಮ ಎಂದು ಕೇಳಿದ.

"ಕಂಡಿತು ಅಣ್ಣಾ. ಚೆನ್ನಾಗೇ ಕಂಡಿತು. ಭಯಾನೇ ಆಗಲಿಲ್ಲ."

ಅವಳು ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಯಶವಂತ ತಪ್ಪನ್ನೆಲ್ಲ ಬರೆದು ಪ್ರಾಂಶುಪಾಲರ ಮುಂದಿಟ್ಟ. ಅವರು ಓದಿ, ಹಿಡಿ ಇದ್ದದ್ದು ಅವಳ ಕೈಯಲ್ಲಿ, ನಿಯಮ ನಿಯಮವೇ ಎಂದು ಕಾಗದವನ್ನು ಬದಿಗಿಟ್ಟರು. ಆತ ಕುಟ್ಟಪ್ಪನವರ ಬಳಿಗೆ ಹೋಗಿ, ನೀವಾದರೂ ಏನಾದರೂ ಮಾಡಿ ಸರ್ ಎಂದು ಅಂಗಲಾಚಿದ.

"ತಪ್ಪು ನಿಂದು, ಶಿಕ್ಷೆ ಅವಳಿಗೆ. ಅದನ್ನ ಅದಲುಬದಲು ಮಾಡೋ ದಾರಿ ನನಗೆ ಗೊತ್ತಿಲ್ಲ ಕಣೋ" ಎಂದರು.

ಆ ಹೊತ್ತಿಗೆ ಸಬೀಹಾಳ ಬಸ್ಸು ಊರು ದಾಟಿತ್ತು.

ನೀತಿ: ಕಲಿಯುವವರಿಗೆ ಸುಲಭವಾಗಲಿ ಎಂದು ಅಪಾಯವನ್ನು ಸುಳ್ಳು ಮಾಡಿ ತೋರಿಸಬಾರದು. ನಿಜವಾದ ಅಪಾಯ ಬಂದ ದಿನ ಅದೂ ಅವರಿಗೆ ಸುಳ್ಳಾಗಿಯೇ ಕಾಣುತ್ತದೆ. ಆಮೇಲೆ ಕಲಿಸಿದವನು ಎಷ್ಟು ಪಶ್ಚಾತ್ತಾಪ ಪಟ್ಟರೂ, ಕಲಿತವರು ಕಳೆದುಕೊಂಡದ್ದು ಮರಳಿ ಬರುವುದಿಲ್ಲ.